ಮೂರನೆಯ ಕೋಣೆಯ ನೀರು

ಮಾರ್ಚ್ 4

ದೊರೆಗಳಿಗೆ,

ತಾವು ಕಳೆದ ವರ್ಷ ರಜೆಗೆ ಬಂದವರು ಸುಮ್ಮನೆ ಉಂಡು ಮಲಗುವುದು ಬಿಟ್ಟು, ನನ್ನ ಹಿತ್ತಲನ್ನೆಲ್ಲ ಅಗೆಸಿ, ಒಂದೇ ಗುಂಡಿಯಾಗಿದ್ದ ಸೆಪ್ಟಿಕ್ ಟ್ಯಾಂಕಿಗೆ ಅಡ್ಡಗೋಡೆ ಕಟ್ಟಿಸಿ ಮೂರು ಕೋಣೆ ಮಾಡಿಸಿ ಹೋದಿರಲ್ಲ, ಆ ಅರಮನೆ ಈಗ ನಾರುತ್ತಿದೆ. ಹಿತ್ತಲ ಬಾಗಿಲು ತೆಗೆದರೆ ಕಣ್ಣಲ್ಲಿ ನೀರು ಬರುತ್ತದೆ. ಜನವರಿಯಿಂದ ಇದೇ ಗೋಳು.

"ಮೊದಲನೇದ್ರಲ್ಲಿ ಗಸಿ ಕೂರುತ್ತೆ, ಎರಡನೇದ್ರಲ್ಲಿ ಸೂಕ್ಷ್ಮಜೀವಿಗಳು ಕೊಳೆ ತಿಂತಾವೆ, ಮೂರನೇದ್ರಲ್ಲಿ ಜಲ್ಲಿಯಿಂದ ಸೋಸಿ ಬರೋ ನೀರನ್ನ ಗಿಡಕ್ಕೆ ಬಿಡಬಹುದು ಅಕ್ಕಾ" ಎಂದು ಎಷ್ಟು ಚೆಂದವಾಗಿ ಹೇಳಿದ್ದೆ! ಒಂದು ವರ್ಷ ಹಾಗೇ ಇತ್ತು, ಇಲ್ಲವೆನ್ನುವುದಿಲ್ಲ. ಈಗ ಆ ಮೂರನೆಯ ಕೋಣೆಯಿಂದ ಬರುವ ನೀರಿಗೆ ಗಿಡಗಳೇ ಹಳದಿಯಾಗಿವೆ. ಗೋಡೆಯಾಚೆ ಗಡಿಯಾರ ರಿಪೇರಿಯವರ ಬಾವಿ ಇದೆಯಲ್ಲ, ಅವರು ಹೋದ ತಿಂಗಳು ಬೀದಿಯಲ್ಲೇ ನಿಂತು, "ನಿಮ್ಮ ತಮ್ಮ ಎಂಜಿನಿಯರ್ರೋ, ನಮ್ಮ ಶತ್ರುವೋ, ಒಂದ್ಸಲ ಹೇಳ್ಬಿಡಿ" ಎಂದು ಕೇಳಿದರು. ಮಾನ ಹರಾಜಾಯಿತು.

ಅವರು ದೂರು ಕೊಟ್ಟು, ಪುರಸಭೆಯಿಂದ ಆರೋಗ್ಯಾಧಿಕಾರಿಣಿ ಬಂದು, ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದರು. "ಜೂನ್ ಹತ್ತಕ್ಕೆ ಮತ್ತೆ ಬರ್ತೀನಿ. ಆವತ್ತೂ ನೀರು ಹೀಗೇ ಇದ್ರೆ ಪಾಯಿಖಾನೆ ಸೀಲ್ ಮಾಡೋದೇ" ಎಂದರು. ಸೀಲ್ ಮಾಡಿದರೆ ಮಂಡಿ ಹಿಡಿದುಕೊಂಡಿರುವ ನನ್ನ ಅತ್ತೆ ಎಲ್ಲಿಗೆ ಹೋಗಬೇಕು? ಮುಂದಿನ ಕೋಣೆಯಲ್ಲಿ ಹೊಲಿಗೆ ಕಲಿಯಲು ಬರುವ ಹುಡುಗಿಯರನ್ನು ಎಲ್ಲಿಗೆ ಕಳಿಸಲಿ? ಏನು ಮಾಡಬೇಕೋ ಬರೆ. ಫೋನು ಬೇಡ, ನಿಮ್ಮ ಕಾಮಗಾರಿ ಕ್ಯಾಂಪಿನ ಫೋನಿನಲ್ಲಿ ಗೊರಗೊರ ಬಿಟ್ಟು ಬೇರೇನೂ ಕೇಳುವುದಿಲ್ಲ.

ನಿನ್ನ ಅಕ್ಕ

ಮಾರ್ಚ್ 15

ಅಕ್ಕಾ,

ಬೈಯುವುದು ಮುಗಿದಿದ್ದರೆ ಒಂದು ಮಾತು ಕೇಳು. ವಿನ್ಯಾಸದಲ್ಲಿ ತಪ್ಪಿಲ್ಲ. ತಪ್ಪಿದ್ದರೆ ಮೊದಲ ತಿಂಗಳೇ ಗೊತ್ತಾಗುತ್ತಿತ್ತು. ಟ್ಯಾಂಕಿನೊಳಗೆ ಕಣ್ಣಿಗೆ ಕಾಣದ ಕೋಟಿ ಜೀವಗಳಿವೆ, ಕೆಲಸವೆಲ್ಲ ಅವುಗಳದ್ದು. ನಾವು ಅವುಗಳಿಗೆ ಮನೆ ಕಟ್ಟಿಕೊಟ್ಟಿದ್ದೇವೆ ಅಷ್ಟೇ. ನಿಮ್ಮಲ್ಲಿ ಯಾರೋ ಅವುಗಳ ಬಾಯಿಗೆ ವಿಷ ಹಾಕುತ್ತಿದ್ದೀರಿ. ಫಿನೈಲು? ಆಸಿಡ್ಡು? ಬ್ಲೀಚಿಂಗ್ ಪುಡಿ? ಭಾವ ಬಸ್ಸಿನ ಗ್ರೀಸು ಮೆತ್ತಿದ ಕೈಯನ್ನು ಅಲ್ಲೇ ಸೀಮೆಎಣ್ಣೆ ಹಾಕಿ ತೊಳೆಯುತ್ತಾರಾ? ನಿಜ ಹೇಳು.

ಜನವರಿಯಿಂದ ಎಂದೆಯಲ್ಲ, ಜನವರಿಯಲ್ಲಿ ಮನೆಯಲ್ಲಿ ಏನು ಬದಲಾಯಿತು ಯೋಚಿಸು. ಮೂರನೆಯ ಕೋಣೆಯ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ದಿನ ಇಟ್ಟು, ಬಣ್ಣ ಏನು, ತಳದಲ್ಲಿ ಏನು ಕೂತಿದೆ ಎಂದು ಬರೆ.

ನಿನಗೆ ಹೇಳಿರಲಿಲ್ಲ. ಇಲ್ಲಿ ಕೆಲಸಗಾರರ ಕಾಲೋನಿಗೆ ನಮ್ಮ ಹಿತ್ತಲಿನ ನಕ್ಷೆಯನ್ನೇ ಹಾಕಬೇಕೆಂದು ಸಾಹೇಬರ ಮುಂದೆ ಇಟ್ಟಿದ್ದೇನೆ. "ನಮ್ಮಕ್ಕನ ಮನೇಲಿ ಒಂದು ವರ್ಷದಿಂದ ನಡೀತಿದೆ ಸಾರ್" ಎಂದು ಕೊಚ್ಚಿಕೊಂಡಿದ್ದೇನೆ. ಮೊದಲ ಸಲ ನನ್ನ ಹೆಸರಿನ ಒಂದು ಕೆಲಸ, ದಯವಿಟ್ಟು ಹಾಳು ಮಾಡಬೇಡಿ.

ಭಾನುವಾರ ಕ್ಯಾಂಪ್ ಆಫೀಸಿನಿಂದ ಫೋನ್ ಮಾಡುತ್ತೇನೆ, ಎತ್ತು.

ತಮ್ಮ

ಮಾರ್ಚ್ 27

ದೊರೆಗಳಿಗೆ,

ಮನೆ ನಮ್ಮದು, ನಾತ ನಮ್ಮದು, ಹಾಳು ಮಾಡಿದ ಅಪವಾದವೂ ನಮ್ಮದೇ. ಚೆನ್ನಾಗಿದೆ.

ಫಿನೈಲು ಇಲ್ಲ. ಆಸಿಡ್ಡು ಇಲ್ಲ. ನೀನು ಹೋಗುವಾಗ ಬೇಡ ಅಂದೆ ಎಂದು ಅಂದಿನಿಂದ ಬರೀ ನೀರು, ಬ್ರಷ್ಷು. ನಿನ್ನ ಭಾವ ದೂರದ ರೂಟಿನಲ್ಲಿದ್ದಾರೆ, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಅವರ ಕೈಯ ಗ್ರೀಸು ನಮ್ಮ ಮನೆಯ ಬಾಗಿಲವರೆಗೂ ಬರುವುದಿಲ್ಲ. ಜನವರಿಯಲ್ಲಿ ಏನೂ ಬದಲಾಗಿಲ್ಲ, ಕ್ಯಾಲೆಂಡರ್ ಒಂದನ್ನು ಬಿಟ್ಟು.

ಬಾಟಲಿ ಇಟ್ಟು ನೋಡಿದೆ. ಮಸಿ ನೀರು, ತಳದಲ್ಲಿ ಏನೂ ಕೂರಲಿಲ್ಲ, ಎಲ್ಲ ಹಾಗೇ ತೇಲುತ್ತಿತ್ತು. ಮುಚ್ಚಳ ತೆಗೆದವಳು ಅರ್ಧ ಗಂಟೆ ಹೊರಗೆ ಕೂತೆ. ಇನ್ನೊಂದು ವಿಷಯ. ಪಾಯಿಖಾನೆಯ ಬಿಳಿ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ಕಲೆ ಬೀಳುತ್ತಿದೆ ಎಂದು ಅತ್ತೆ ದಿನಾ ರಾಗ ಎಳೆಯುತ್ತಿದ್ದಾರೆ. "ನಿನ್ ತಮ್ಮ ಏನ್ ಪೈಪು ಹಾಕ್ಸಿದ್ನೋ, ತುಕ್ಕು ಕಾರ್ತಿದೆ ನೋಡು" ಅನ್ನುತ್ತಾರೆ. ನಾನೇ ಉಜ್ಜಿ ಉಜ್ಜಿ ತೆಗೆಯುತ್ತೇನೆ.

ಭಾನುವಾರ ಫೋನ್ ಎತ್ತಲಿಲ್ಲ ಎಂದು ಕೋಪ ಮಾಡಿಕೊಳ್ಳಬೇಡ, ಅಂಗಡಿಗೆ ಹೋಗಿದ್ದೆ. ನಿನ್ನನ್ನು ಬೈದು ಬೈದೇ ನಾನು ಕಡ್ಡಿಯಾಗಿದ್ದೇನೆ, ರವಿಕೆಯೆಲ್ಲ ಒಳಕ್ಕೆ ಹಿಡಿಯಬೇಕಾಗಿದೆ.

ನಿನ್ನ ಅಕ್ಕ

ಏಪ್ರಿಲ್ 8

ಅಕ್ಕಾ,

ಕಿತ್ತಳೆ ಕಲೆ ಏನೂ ಅಲ್ಲ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿದೆ. ನನ್ನ ಪೈಪು ಪ್ಲಾಸ್ಟಿಕ್ಕು, ಅದು ತುಕ್ಕು ಕಾರುವುದಿಲ್ಲ ಎಂದು ನಿಮ್ಮತ್ತೆಗೆ ಹೇಳು. ಅದರ ಚಿಂತೆ ಬಿಡು.

ತಳದಲ್ಲಿ ಗಸಿ ಕೂರದೆ ಎಲ್ಲ ತೇಲುತ್ತಿದೆ ಎಂದರೆ ಒಳಗಿನ ಜೀವಗಳು ಸತ್ತಿವೆ. ಹೊಸದಾಗಿ ಬಿತ್ತಬೇಕು. ಚೆನ್ನಾಗಿ ನಡೆಯುತ್ತಿರುವ ಯಾವುದಾದರೂ ಟ್ಯಾಂಕಿನಿಂದ ಒಂದು ಬಕೆಟ್ ಗಸಿ ತಂದು ಎರಡನೆಯ ಕೋಣೆಗೆ ಸುರಿ. ಭಾವನ ಡಿಪೋದಲ್ಲಿ ದೊಡ್ಡ ಟ್ಯಾಂಕ್ ಇದೆಯಲ್ಲ, ಅಲ್ಲಿಂದ ತರಲಿ. ಜೊತೆಗೆ ಸಗಣಿ ಕದಡಿದ ನೀರು. ಎರಡನೆಯ ಕೋಣೆಗೆ ಇಳಿಯುವ ಪೈಪನ್ನು ಮೇಸ್ತ್ರಿಗೆ ಹೇಳಿ ಒಂದು ಗೇಣು ಕೆಳಗಿಳಿಸು. ನೀರು ತಳದಿಂದ ಮೇಲೆ ಏರಬೇಕು, ಗಸಿಯನ್ನು ಮುಟ್ಟಿಕೊಂಡೇ ಹೋಗಬೇಕು.

ಇನ್ನೊಂದು, ಕೋಪ ಮಾಡಿಕೊಳ್ಳಬೇಡ. ನೀನು ಹಾಕುತ್ತಿಲ್ಲ, ಭಾವ ಹಾಕುತ್ತಿಲ್ಲ. ಉಳಿದವರು ಒಬ್ಬರೇ. ನಿಮ್ಮತ್ತೆಗೆ ಮೂಲೆ ಮೂಲೆಯೂ ಫಳಫಳ ಹೊಳೆಯಬೇಕು. ನೀನು ಮಲಗಿದ ಮೇಲೆ ಗುಟ್ಟಾಗಿ ಬ್ಲೀಚಿಂಗ್ ಪುಡಿ ಸುರಿಯುತ್ತಿರಬಹುದು. ಅವರ ಪೆಟ್ಟಿಗೆ ಒಮ್ಮೆ ನೋಡು.

ಮೂರು ಭಾನುವಾರ ಫೋನ್ ಮಾಡಿದೆ. ಎಷ್ಟು ಸಲ ಅಂಗಡಿಗೆ ಹೋಗುತ್ತೀಯೇ ಮಾರಾಯ್ತಿ?

ತಮ್ಮ

ಏಪ್ರಿಲ್ 22

ದೊರೆಗಳಿಗೆ,

ನಿನ್ನ ಪತ್ರಕ್ಕೆ ಬೆಂಕಿ ಬೀಳಲಿ.

ಮೊದಲು ಬಕೆಟ್ಟಿನ ಕಥೆ ಕೇಳು. ನಿನ್ನ ಭಾವ ಡಿಪೋದ ಗಸಿಯನ್ನು ಮುಚ್ಚಳದ ಡಬ್ಬಿಯಲ್ಲಿ ತುಂಬಿ, ತಮ್ಮ ಸೀಟಿನ ಹಿಂದೆ ಇಟ್ಟುಕೊಂಡು ಬಸ್ಸು ಓಡಿಸಿಕೊಂಡು ಬಂದರು. ತಿರುವಿನಲ್ಲಿ ಮುಚ್ಚಳ ಸಡಿಲವಾಯಿತು. ಅರ್ಧ ದಾರಿಗೆ ಬಸ್ಸಿನ ಮುಂದಿನ ಅರ್ಧ ಖಾಲಿ, ಹಿಂದಿನ ಅರ್ಧದಲ್ಲಿ ಜನ ಒಬ್ಬರ ಮೇಲೊಬ್ಬರು. "ನನ್ನ ಸರ್ವೀಸಿನಲ್ಲೇ ಇಂಥ ಗೌರವ ಸಿಕ್ಕಿರಲಿಲ್ಲ ಕಣೇ" ಎಂದರು ಪಾಪ. ನಾನು ನಗುತ್ತಾ ನಗುತ್ತಾ ಕೆಮ್ಮು ಬಂದು ಗೋಡೆ ಹಿಡಿದುಕೊಂಡೆ.

ಗಸಿ ಸುರಿದೆ, ಸಗಣಿ ಸುರಿದೆ, ಪೈಪು ಇಳಿಸಿದೆ. ಒಂದು ವಾರ ನಾತ ಇಳಿಯಿತು, ಗಡಿಯಾರದವರು ಕೂಡ ಮುಖ ಕೊಟ್ಟು ಮಾತಾಡಿದರು. ಆಮೇಲೆ ಮತ್ತೆ ಅದೇ ಮಸಿ, ಅದೇ ನಾತ.

ಅದಕ್ಕೇ ತಲೆ ಕೆಟ್ಟು, ನಿನ್ನ ಮಾತು ಕೇಳಿ, ಅತ್ತೆ ಸ್ನಾನಕ್ಕೆ ಹೋದಾಗ ಅವರ ಪೆಟ್ಟಿಗೆ ತೆಗೆದೆ. ಮಾವನ ಕನ್ನಡಕ, ಎರಡು ಹಳೆಯ ಸೀರೆ, ನಿನ್ನ ಭಾವ ಚಿಕ್ಕವರಿದ್ದಾಗಿನ ಅಂಗಿ. ಅಷ್ಟೇ. ಮುಚ್ಚುವಾಗ ಅವರು ಬಾಗಿಲಲ್ಲಿ ನಿಂತಿದ್ದರು. "ನನ್ನ ಕೇಳಿದ್ರೆ ನಾನೇ ತೆಗೆದು ತೋರಿಸ್ತಿದ್ದೆನಲ್ಲಮ್ಮ" ಎಂದು ಅತ್ತರು. ಎರಡು ದಿನ ಊಟ ಬಿಟ್ಟರು. ನಾನು ಭೂಮಿಗಿಳಿದು ಹೋದೆ. ನನ್ನ ಮನೆಯಲ್ಲಿ ನೆಮ್ಮದಿ ಅನ್ನುವುದು ಇದ್ದದ್ದೇ ಅಷ್ಟು, ಅದನ್ನೂ ನೀನು ಪೋಸ್ಟಿನಲ್ಲಿ ತರಿಸಿಕೊಂಡೆ. ಅತ್ತೆಯ ಸುದ್ದಿ ಇನ್ನೊಮ್ಮೆ ಎತ್ತಿದರೆ ನಿನ್ನ ಪತ್ರ ಒಡೆಯುವುದೂ ಇಲ್ಲ.

ನಿನ್ನ ಅಕ್ಕ

ಮೇ 3

ಅಕ್ಕಾ,

ಅತ್ತೆಯವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳು. ತಪ್ಪಾಯಿತು.

ಆದರೆ ನನಗೂ ತಲೆ ಚಿಟ್ಟು ಹಿಡಿದಿದೆ. ಸಾಹೇಬರು ನಿನ್ನೆ, "ಏನಪ್ಪಾ, ನಿಮ್ಮಕ್ಕನ ಮನೆ ನೀರಿನ ರಿಪೋರ್ಟು ಎಲ್ಲಿ?" ಎಂದರು. ಇನ್ನೂ ಬಂದಿಲ್ಲ ಸಾರ್ ಎಂದು ಸುಳ್ಳು ಹೇಳಿದೆ. ಇಲ್ಲಿ ನೀರು ಪರೀಕ್ಷೆ ಮಾಡುವ ಹಿರಿಯರೊಬ್ಬರಿದ್ದಾರೆ, ಅವರ ಮುಂದೆ ನಿನ್ನ ಪತ್ರಗಳ ಸಾರವನ್ನೆಲ್ಲ ಹೇಳಿದೆ. ಹೊಸ ಗಸಿ ಹಾಕಿದರೂ ಒಂದು ವಾರದಲ್ಲಿ ಸಾಯುತ್ತಿದೆ ಎಂದರೆ ದಿನಾ ವಿಷ ಬೀಳುತ್ತಲೇ ಇದೆ ಎಂದರು. ಹೀಗಾಗುವುದನ್ನು ಅವರು ಆಸ್ಪತ್ರೆಯ ಟ್ಯಾಂಕುಗಳಲ್ಲಿ ನೋಡಿದ್ದಾರಂತೆ. ರೋಗಿಗಳು ನುಂಗಿದ ಬಲವಾದ ಔಷಧ ಮೈಯಿಂದ ಹೊರಬಂದು ಟ್ಯಾಂಕಿನ ಜೀವಗಳನ್ನೂ ಕೊಲ್ಲುತ್ತದೆ. ಔಷಧ ನಿಂತರೆ ಮೂರ್ನಾಲ್ಕು ವಾರದಲ್ಲಿ ಟ್ಯಾಂಕ್ ತಾನಾಗಿ ಚೇತರಿಸಿಕೊಳ್ಳುತ್ತದಂತೆ, ಯಾರೂ ಏನೂ ಮಾಡಬೇಕಾಗಿಲ್ಲ.

ನಮ್ಮ ಮನೆ ಆಸ್ಪತ್ರೆಯಲ್ಲ, ಆದ್ದರಿಂದ ಅದು ಬಿಡು. ಹೊಲಿಗೆಗೆ ಬರುವ ಹುಡುಗಿಯರು ಬಣ್ಣ ಹಾಕಿದ ಬಟ್ಟೆ ತೊಳೆದ ನೀರನ್ನು ಅಲ್ಲಿ ಸುರಿಯುತ್ತಾರಾ? ನೋಡಿ ಬರೆ. ಜೂನ್ ಹತ್ತು ದೂರವಿಲ್ಲ.

ತಮ್ಮ

ಮೇ 14

ತಮ್ಮಾ,

ನಿನ್ನ ಪತ್ರ ಎರಡು ಸಲ ಓದಿದೆ. ಇಷ್ಟು ದಿನದಲ್ಲಿ ಒಂದು ಉಪಯೋಗದ ಮಾತು ಬರೆದೆ. ಹುಡುಗಿಯರಿಗೆ ಹೇಳಿದ್ದೇನೆ, ಇನ್ನು ಮುಂದೆ ಸುರಿಯುವುದಿಲ್ಲ. ನೀನು ಸಾಹೇಬರಿಗೆ ಧೈರ್ಯವಾಗಿ ಹೇಳು, ರಿಪೋರ್ಟು ಬರುತ್ತದೆ ಎಂದು. ನಿನ್ನ ಹೆಸರಿನ ಕೆಲಸ ಹಾಳಾಗಲು ನಾನು ಬಿಡುವುದಿಲ್ಲ.

ಸ್ವಲ್ಪ ದಿನ ಪತ್ರ ಬರೆಯಬೇಡ. ಎಲ್ಲಕ್ಕೂ ಉತ್ತರ ಬರೆಯುತ್ತ ಕೂತರೆ ಸುಸ್ತಾಗುತ್ತದೆ.

ಅಕ್ಕ

ಜೂನ್ 12

ತಮ್ಮಾ,

ಪಾಸು! ಅಧಿಕಾರಿಣಿ ಮೊನ್ನೆ ಬಂದು ಮೂರನೆಯ ಕೋಣೆಯ ನೀರನ್ನು ಬೆಳಕಿಗೆ ಹಿಡಿದು ನೋಡಿದರು. ಮೂಸಿದರು ಕೂಡ, ಆಮೇಲೆ ನನ್ನ ಮುಖ ನೋಡಿದರು. "ಇದೇ ಟ್ಯಾಂಕೇನಮ್ಮ?" ಎಂದರು. ಪರೀಕ್ಷೆಯ ಕಾಗದ ಇವತ್ತು ಬಂತು, ಇದರೊಂದಿಗೆ ನಕಲು ಇಟ್ಟಿದ್ದೇನೆ, ನಿನ್ನ ಸಾಹೇಬರ ಮೇಜಿನ ಮೇಲೆ ಬಡಿ. ಗಡಿಯಾರದವರು ತಮ್ಮ ಮನೆಗೂ ಇಂಥದೇ ಟ್ಯಾಂಕ್ ಬೇಕೆಂದು ನಿನ್ನ ನಕ್ಷೆ ಕೇಳಿದ್ದಾರೆ. ಕೊಡಲೋ, ಸ್ವಲ್ಪ ದಿನ ಆಟ ಆಡಿಸಲೋ?

ಅತ್ತೆ ಕೂಡ ಖುಷಿಯಾಗಿದ್ದಾರೆ, ಕಿತ್ತಳೆ ಕಲೆಯೂ ಹೋಗಿದೆ. ನನಗೆ ಸ್ವಲ್ಪ ಜ್ವರ, ಗಾಬರಿಯಾಗುವಂಥದ್ದಲ್ಲ.

ಅಕ್ಕ

ಜೂನ್ 23

ಅಕ್ಕಾ ಅಕ್ಕಾ ಅಕ್ಕಾ,

ಕಾಗದವನ್ನು ಮೇಜಿನ ಮೇಲೆ ಬಡಿದೆ! ಸಾಹೇಬರು ಕಾಲೋನಿಗೆ ನಮ್ಮ ನಕ್ಷೆಯನ್ನೇ ಒಪ್ಪಿದರು. ಆಫೀಸಿನ ಗೋಡೆಗೆ ಅಂಟಿಸಿದ್ದಾರೆ, ಕೆಳಗೆ ನನ್ನ ಹೆಸರು. ನೆಲದ ಮೇಲೆ ಕಾಲಿಲ್ಲ ನನಗೆ. ಗಡಿಯಾರದವರನ್ನು ಒಂದು ತಿಂಗಳು ಆಟ ಆಡಿಸು, ಆಮೇಲೆ ಕೊಡು.

ರಿಪೋರ್ಟಿನಲ್ಲಿ ಕಾರಣವನ್ನೂ ಬರೆಯಬೇಕಂತೆ, ಏನು ನಿಲ್ಲಿಸಿದ್ದರಿಂದ ಸರಿಹೋಯಿತು ಎಂದು. ಬಟ್ಟೆಯ ಬಣ್ಣ ಎಂದು ಬರೆಯುತ್ತಿದ್ದೇನೆ. ಯಾವ ಬಣ್ಣ ಎಂದು ತಿಳಿಸು. ಕಿತ್ತಳೆ ಇರಬೇಕು, ಕಲೆಯೂ ಹೋಯಿತು ಎಂದೆಯಲ್ಲ. ಪರೀಕ್ಷೆಯ ಹಿರಿಯರನ್ನೂ ಒಂದು ಮಾತು ಕೇಳಿ ಬಂದು ಪತ್ರ ಮುಗಿಸುತ್ತೇನೆ.

ಕೇಳಿ ಬಂದೆ. ಕಿತ್ತಳೆ ಕಲೆ ಎಂದ ಕೂಡಲೇ ಅವರು ಪೆನ್ನು ಕೆಳಗಿಟ್ಟರು. "ನಿಮ್ಮನೇಲಿ ಕ್ಷಯದ ಮಾತ್ರೆ ತಗೊಳ್ತಿರೋರು ಯಾರು?" ಎಂದರು. ಆ ಮಾತ್ರೆಗೆ ಮೂತ್ರ ಆ ಬಣ್ಣಕ್ಕೆ ತಿರುಗುತ್ತದಂತೆ. ನಾನು ಕಬ್ಬಿಣ ಕಬ್ಬಿಣ ಎಂದು ಬಡಬಡಿಸಿದ್ದೆ. ಜನವರಿ, ಒಳಕ್ಕೆ ಹಿಡಿದ ರವಿಕೆ, ಗೋಡೆ ಹಿಡಿದು ಕೆಮ್ಮಿದ್ದು, ಎತ್ತದ ಫೋನು. ಎಲ್ಲ ನೀನೇ ಬರೆದಿದ್ದೆ, ನಾನು ಮಾತ್ರ ನನ್ನ ಟ್ಯಾಂಕಿನ ಸುದ್ದಿಯನ್ನಷ್ಟೇ ಓದಿದೆ.

ಡಿಪೋಗೆ ಫೋನ್ ಮಾಡಿದೆ. ಭಾವ ಸಿಕ್ಕರು. ಕಾಯಿಲೆ ಇರುವುದು ನಿಜ, ಜನವರಿಯಿಂದ ಮಾತ್ರೆ ನುಂಗುತ್ತಿದ್ದಾಳಲ್ಲ ಎಂದರು. ನುಂಗುತ್ತಿಲ್ಲ ಭಾವ, ನುಂಗುತ್ತಿದ್ದರೆ ಟ್ಯಾಂಕ್ ಪಾಸಾಗುತ್ತಿರಲಿಲ್ಲ ಎಂದೆ. ನಾನು ಈಗಲೇ ಹೊರಡುತ್ತೇನೆಂದರೆ, "ನೀನು ಬಂದ್ರೆ ಅವಳು ನಿನ್ನ ಮುಂದೆ ನಗ್ತಾ ಓಡಾಡ್ತಾಳೆ. ಮೊದಲು ನಾನು ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ, ಮುಂದಿನ ತಿಂಗಳ ಕೊನೆಗೆ ಬಾ" ಎಂದು ಫೋನಿಟ್ಟರು.

ಅಕ್ಕಾ, ನಿನಗೆ ಬುದ್ಧಿ ಇದೆಯಾ? ಒಂದು ಗುಂಡಿಗೋಸ್ಕರ? ನನ್ನ ಹೆಸರು ಗೋಡೆಯ ಮೇಲೆ ಬರಲಿ ಎಂದು? ನನಗೆ ಕೋಪ ಬರುತ್ತಿದೆ, ಅಳು ಬರುತ್ತಿದೆ, ಏನು ಬರೆಯುತ್ತಿದ್ದೇನೆ ಗೊತ್ತಿಲ್ಲ. ಅಮ್ಮ ಹೋದದ್ದು ಇದರಲ್ಲೇ. ಆಗ ನೀನು ನನ್ನನ್ನು ಅವಳ ಕೋಣೆಯ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ, ನಾನು ಚಿಕ್ಕವನೆಂದು. ಈಗ ನನಗೆ ತಲೆಗೂದಲು ಉದುರುತ್ತಿದೆ, ಈಗಲೂ ಹೊರಗೇ ನಿಲ್ಲಿಸಿದೆಯಲ್ಲ!

ಮಾತ್ರೆ ಶುರು ಮಾಡು. ಟ್ಯಾಂಕ್ ಸಾಯಲಿ, ಸೀಲ್ ಬೀಳಲಿ, ಗೋಡೆಯ ನಕ್ಷೆಯನ್ನು ನಾನೇ ಹರಿದು ಹಾಕುತ್ತೇನೆ. ನಿನಗೊಬ್ಬಳಿಗೇ ಬೇರೆ ಸಣ್ಣ ಟ್ಯಾಂಕ್ ಮಾಡಿಸೋಣ, ಅದರ ನೀರು ಎಲ್ಲಿಗೂ ಹರಿಯದಂತೆ ಮುಚ್ಚಿಟ್ಟು, ತುಂಬಿದಾಗ ಲಾರಿಯಲ್ಲಿ ಹೀರಿಸೋಣ. ಇದನ್ನು ಜನವರಿಯಲ್ಲೇ ಹೇಳಿದ್ದರೆ ಜನವರಿಯಲ್ಲೇ ಬರೆದು ಕಳಿಸುತ್ತಿದ್ದೆ. ಮತ್ತೆ ಶುರು ಮಾಡಿದೆ ಎಂದು ನೀನು ಬರೆದರೆ ನಾನು ನಂಬುವುದಿಲ್ಲ, ತಿಳಿದುಕೋ. ನಿನ್ನ ಒಂದಕ್ಷರವನ್ನೂ ಇನ್ನು ನಂಬುವುದಿಲ್ಲ.

ತಮ್ಮ

ಜುಲೈ 19

ತಮ್ಮಾ,

ನೀನು ಫೋನ್ ಮಾಡಿದ ದಿನ ನಿನ್ನ ಭಾವ ಬಸ್ಸನ್ನು ಇನ್ನೊಬ್ಬರಿಗೆ ಒಪ್ಪಿಸಿ ಸಮವಸ್ತ್ರದಲ್ಲೇ ಓಡಿ ಬಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಏರು ದನಿಯಲ್ಲಿ ಬೈದರು. ಡಾಕ್ಟರು ಉಗಿದು ಉಪ್ಪಿನಕಾಯಿ ಹಾಕಿದರು. ನಾಲ್ಕು ತಿಂಗಳು ನುಂಗಿದ್ದು ನೀರಿಗೆ ಹಾಕಿದಂತಾಯಿತು, ಮತ್ತೆ ಮೊದಲಿನಿಂದ, ಈ ಸಲ ಇನ್ನೂ ಜಾಸ್ತಿ ದಿನ. ನನಗೆ ಕೆಮ್ಮು ನಿಂತಿತ್ತು ಕಣೋ, ಒಂದು ತಿಂಗಳು ಬಿಟ್ಟರೆ ಏನಾಗುತ್ತೆ ಅಂದುಕೊಂಡೆ. ಪರೀಕ್ಷೆ ಮುಗಿದ ಮೇಲೆ ಶುರು ಮಾಡುವವಳೇ ಇದ್ದೆ. ಆದರೆ ನೀರು ಅಷ್ಟು ತಿಳಿಯಾಗಿ ಬರುತ್ತಿತ್ತು, ಬೀದಿಯವರೆಲ್ಲ ನಿನ್ನನ್ನು ಹೊಗಳುತ್ತಿದ್ದರು, ನಾಳೆ ನಾಳೆ ಎಂದು ತಳ್ಳಿದೆ. ನಿನಗೆ ಹೇಳದೆ ಇದ್ದದ್ದಕ್ಕೆ ಕಾರಣ ನೀನೇ ಬರೆದಿದ್ದೀಯ, ಅಮ್ಮ. ಇನ್ನೊಮ್ಮೆ ನಿನ್ನನ್ನು ಆ ಬಾಗಿಲ ಮುಂದೆ ನಿಲ್ಲಿಸಲು ನನ್ನ ಕೈಯಲ್ಲಿ ಆಗಲಿಲ್ಲ. ತಪ್ಪು ನನ್ನದೇ, ಒಪ್ಪಿದೆ.

ಯಾವುದಕ್ಕೆ ಹೆದರಿದ್ದೆನೋ ಅದೆಲ್ಲ ಆಯಿತು. ಹೊಲಿಗೆ ಕ್ಲಾಸು ಸದ್ಯಕ್ಕೆ ಮುಚ್ಚಿದೆ. ಹುಡುಗಿಯರನ್ನೂ ಅತ್ತೆಯನ್ನೂ ಪರೀಕ್ಷೆ ಮಾಡಿದರು, ಪುಣ್ಯಕ್ಕೆ ಯಾರಿಗೂ ಇಲ್ಲ. ಅತ್ತೆಗೆ ವಿಷಯ ಗೊತ್ತಾದಾಗ ದೂರ ಸರಿಯುತ್ತಾರೆ ಅಂದುಕೊಂಡಿದ್ದೆ. "ನನ್ನ ಪೆಟ್ಟಿಗೆ ನೋಡಿದೆ, ನಿನ್ನ ಮಾತ್ರೆ ಡಬ್ಬಿ ಮಾತ್ರ ನನಗೆ ತೋರಿಸಲಿಲ್ಲ" ಎಂದರು. ಈಗ ಬೆಳಿಗ್ಗೆ ನನ್ನ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಒಂದೊಂದು ಮಾತ್ರೆ ನುಂಗಿದ ಮೇಲೂ "ಬಾಯಿ ತೆಗಿ" ಅನ್ನುತ್ತಾರೆ, ನಾಲಿಗೆ ಎತ್ತಿ ತೋರಿಸಬೇಕು. ನನಗೆ ಮೈಯೆಲ್ಲ ಉರಿಯುತ್ತದೆ, ಆದರೂ ತೋರಿಸುತ್ತೇನೆ.

ಅಧಿಕಾರಿಣಿಗೆ ನಾನೇ ಹೋಗಿ ಹೇಳಿದೆ. ಬೇರೆ ಟ್ಯಾಂಕ್ ಕಟ್ಟುವವರೆಗೆ ಸೀಲ್ ಮಾಡುವುದಿಲ್ಲ ಎಂದಿದ್ದಾರೆ. ನೀನು ತಿಂಗಳ ಕೊನೆಗೆ ಬಂದಾಗ ಮೇಸ್ತ್ರಿಯ ಜೊತೆ ನಿಂತು ಕಟ್ಟಿಸು, ನನ್ನ ಮುಖ ನೋಡುತ್ತ ಕೂರಬೇಡ. ಗೋಡೆಯ ನಕ್ಷೆ ಹರಿಯಬೇಡ, ಕತ್ತೆ. ಅದರಲ್ಲಿ ತಪ್ಪಿಲ್ಲ ಎಂದು ನೀನೇ ಮೊದಲ ಪತ್ರದಿಂದ ಬಾಯಿ ಬಡಿದುಕೊಂಡಿದ್ದೆ, ಸರಿಯಾಗಿಯೇ ಹೇಳಿದ್ದೆ.

ನನ್ನ ಅಕ್ಷರ ನಂಬುವುದಿಲ್ಲ ಅಂದೆಯಲ್ಲ, ನಂಬಬೇಡ. ಗಡಿಯಾರದವರಿಗೆ ಫೋನ್ ಮಾಡಿ ಕೇಳು. ಎರಡು ವಾರದಿಂದ ಅವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದಾರೆ.

ಅಕ್ಕ